ಆನ್‌ಲೈನ್ ಸಂಗೀತ ಪಾಠ: ತಾಳ ತಪ್ಪುತ್ತಿರುವುದು ಮಗುವೋ, ನೆಟ್‌ವರ್ಕೋ?

ಫೋನಿನಲ್ಲಿ ಹಾಡು ಕಲಿಯುವುದರ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತಿರುತ್ತವೆ. ಒಂದು ಜಾಹೀರಾತಿನ ಮಾತು: ಮನೆಯಲ್ಲೇ ಕುಳಿತು ಕಲಿಯಿರಿ, ಗುರುವಿನ ಎದುರು ಕೂತಷ್ಟೇ ಚೆನ್ನ, ಮೂವತ್ತೇ ದಿನದಲ್ಲಿ ಹಾಡುಗಾರರಾಗಿ. ಇನ್ನೊಂದು ಅದಕ್ಕೆ ಉತ್ತರವಾಗಿ ಬರುವ ಮಾತು: ಸಂಗೀತ ಗುರುಮುಖದಿಂದಲೇ ಬರಬೇಕು, ಪರದೆ ನೋಡಿ ಕಲಿತದ್ದು ಸಂಗೀತವೇ ಅಲ್ಲ. ಎರಡನ್ನೂ ನೀವು ನೋಡಿರುತ್ತೀರಿ. ಬಹುಶಃ ಒಂದನ್ನು ಮುಂದಕ್ಕೂ ಕಳಿಸಿರುತ್ತೀರಿ.

ಈ ಜಗಳದಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿಯೊಂದಿದೆ. ಆನ್‌ಲೈನ್ ತರಗತಿ ಶುರುವಾಗಿ ಒಂದೆರಡು ತಿಂಗಳಾದ ಮೇಲೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತಿದು: "ನಮ್ಮ ಪುಟ್ಟಿಗೆ ಕಂಠ ಚೆನ್ನಾಗಿದೆ, ಆದ್ರೆ ತಾಳ ನಿಲ್ಲಲ್ವಂತೆ. ಮೇಡಂ ಹೇಳಿದ್ರು." ಮಗುವೂ ಅದನ್ನು ಕೇಳಿಸಿಕೊಳ್ಳುತ್ತದೆ, ನಂಬುತ್ತದೆ. ಕೆಲವೊಮ್ಮೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ಮಗುವಿನ ತಾಳ ಸರಿಯಾಗಿಯೇ ಇದ್ದು, ತಡವಾಗಿದ್ದು ನಡುವಿನ ಫೋನು, ಆ್ಯಪ್ಪು, ನೆಟ್‌ವರ್ಕು ಆಗಿರಬಹುದು. ಅದು ಹೇಗೆ ಎಂದು ಬಿಡಿಸಿ ನೋಡೋಣ. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ದಾರಿಯೂ ಇದೆ.

ಗುರುಗಳಿಗೆ ಮಗುವಿನ ದನಿ ತಡವಾಗಿ ಕೇಳುವುದೇಕೆ?

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಗುರುಗಳು ಎರಡು ಮೀಟರ್ ದೂರದಲ್ಲಿ ಚಾಪೆಯ ಮೇಲೆ ಕುಳಿತಿದ್ದರೆ ಅವರ ದನಿ ಮಗುವಿಗೆ ತಲುಪಲು ಸುಮಾರು 6 ಮಿಲಿಸೆಕೆಂಡ್ ಸಾಕು. ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಜೊತೆಯಲ್ಲಿ ಹಾಡುವಾಗ ಇಷ್ಟು ತಡ ನಮ್ಮ ಗಮನಕ್ಕೇ ಬರುವುದಿಲ್ಲ.

ವಿಡಿಯೊ ಕರೆಯಲ್ಲಿ ಅದೇ ದನಿ ಸುತ್ತಿ ಬಳಸಿ ಬರುತ್ತದೆ. ಫೋನು ದನಿಯನ್ನು ಪುಟ್ಟ ಪುಟ್ಟ ತುಂಡುಗಳಾಗಿ ಕತ್ತರಿಸುತ್ತದೆ. ಹೆಚ್ಚಿನ ಆ್ಯಪ್‌ಗಳಲ್ಲಿ ಒಂದು ತುಂಡು 20 ಮಿಲಿಸೆಕೆಂಡಿನಷ್ಟು ಇರುತ್ತದೆ. ಆ ತುಂಡನ್ನು ಸೋಸಿ, ಕುಗ್ಗಿಸಿ, ವೈಫೈಗೋ ಮೊಬೈಲ್ ಟವರಿಗೋ ಕೊಡುತ್ತದೆ. ದಾರಿಯಲ್ಲಿ ಕೆಲವು ತುಂಡುಗಳು ಮುಂಚೆ, ಕೆಲವು ತಡವಾಗಿ ತಲುಪುವುದರಿಂದ ಆಚೆ ಕಡೆಯ ಫೋನು ಅವನ್ನೆಲ್ಲ ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಸರತಿಯಲ್ಲಿ ಜೋಡಿಸಿ, ಆಮೇಲೆ ನುಡಿಸುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡಿದ್ದರೆ ಇನ್ನೂ ನೂರು, ಇನ್ನೂರು ಮಿಲಿಸೆಕೆಂಡ್ ಸೇರಬಹುದು. ಇಲ್ಲಿ ಊರುಗಳ ನಡುವಿನ ದೂರ ದೊಡ್ಡ ಕಾರಣವಲ್ಲ. ಬೆಂಗಳೂರಿನಿಂದ ಮೈಸೂರಿಗೆ ಬೆಳಕಿನ ತಂತಿಯಲ್ಲಿ ಹೋಗಲು ಒಂದು ಮಿಲಿಸೆಕೆಂಡೂ ಬೇಡ. ಹೊತ್ತು ಹೋಗುವುದೆಲ್ಲ ಎರಡು ತುದಿಯ ಪೆಟ್ಟಿಗೆಗಳಲ್ಲಿ.

ಮಾತಿಗೆ ಇದರಿಂದ ತೊಂದರೆಯಿಲ್ಲ. ದೂರಸಂಪರ್ಕದ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು ಹೇಳುವಂತೆ, ಒಂದು ಬದಿಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಸಾಮಾನ್ಯ ಸಂಭಾಷಣೆ ಸರಾಗವಾಗಿಯೇ ನಡೆಯುತ್ತದೆ. ಜೊತೆಯಾಗಿ ಹಾಡುವವರಿಗೆ, ನುಡಿಸುವವರಿಗೆ ಮಾತ್ರ ಈ ಮಿತಿ ತುಂಬ ಕಡಿಮೆ, ಸುಮಾರು 25ರಿಂದ 30 ಮಿಲಿಸೆಕೆಂಡ್. ಅದನ್ನು ದಾಟಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕಾಲಪ್ರಮಾಣ ಇಳಿಯತೊಡಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಆದಿ ತಾಳ, ಅಕ್ಷರಕ್ಕೊಂದು ಸೆಕೆಂಡ್. ಸರಳೆ ವರಸೆಯ ಮೂರನೇ ಕಾಲದಲ್ಲಿ ಒಂದು ಅಕ್ಷರಕ್ಕೆ ನಾಲ್ಕು ಸ್ವರ, ಅಂದರೆ ಒಂದು ಸ್ವರಕ್ಕೆ 250 ಮಿಲಿಸೆಕೆಂಡ್. ಕರೆಯಲ್ಲಿ ಒಂದು ಬದಿಯ ತಡ 150 ಎಂದಿಟ್ಟುಕೊಳ್ಳಿ. ಗುರುಗಳು ಹಾಡಿದ 'ಸ' ಮಗುವಿಗೆ 150 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಮಗು ತನಗೆ ಕೇಳಿದ್ದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಜೊತೆಗೂಡುತ್ತದೆ. ಆ ದನಿ ವಾಪಸ್ ಹೋಗಲು ಮತ್ತೆ 150. ಗುರುಗಳಿಗೆ ಮಗು ಒಟ್ಟು 300 ಮಿಲಿಸೆಕೆಂಡ್ ಹಿಂದೆ, ಒಂದು ಸ್ವರಕ್ಕಿಂತಲೂ ಹೆಚ್ಚು ಹಿಂದೆ. ಅವರು 'ಮ'ಕ್ಕೆ ಬಂದಾಗ ಮಗುವಿನ 'ಗ' ಇನ್ನೂ ಕೇಳಿರುವುದಿಲ್ಲ.

ಮಗು ತಾನು ಸರಿಯಾಗಿದ್ದೇನೆ ಎಂದು ಭಾವಿಸುತ್ತದೆ, ಅದು ನಿಜ. ಗುರುಗಳಿಗೆ ಮಗು ಹಿಂದೆ ಬಿದ್ದಂತೆ ಕೇಳುತ್ತದೆ, ಅದೂ ನಿಜ. ಇಬ್ಬರ ಕಿವಿಯಲ್ಲೂ ದೋಷವಿಲ್ಲ. ಗುರುಗಳು ಕನಿಕರದಿಂದ ಸ್ವಲ್ಪ ನಿಧಾನಿಸುತ್ತಾರೆ. ಮಗುವೂ ನಿಧಾನಿಸುತ್ತದೆ. ಎರಡು ಆವರ್ತದಲ್ಲಿ ಮೂರನೇ ಕಾಲ ಎರಡನೇ ಕಾಲದ ಹತ್ತಿರ ಬಂದು ನಿಂತಿರುತ್ತದೆ, ಬೈಗುಳ ಮಗುವಿಗೆ.

ಇಂಟರ್‌ನೆಟ್ ಇನ್ನಷ್ಟು ವೇಗವಾದರೆ ಸರಿಹೋಗುವುದಿಲ್ಲವೇ?

ಒಂದೇ ಊರಿನಲ್ಲಿ, ಒಳ್ಳೆಯ ತಂತಿ ಸಂಪರ್ಕದಲ್ಲಿ, ಇದಕ್ಕೆಂದೇ ಮಾಡಿದ ತಂತ್ರಾಂಶ ಬಳಸಿದರೆ ಬಹುಮಟ್ಟಿಗೆ ಸಾಧ್ಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಜ್ಯಾಕ್‌ಟ್ರಿಪ್ ಅಂಥ ಒಂದು ತಂತ್ರಾಂಶ. ಅದು ದನಿಯನ್ನು ಕುಗ್ಗಿಸುವುದೂ ಇಲ್ಲ, ಸೋಸುವುದೂ ಇಲ್ಲ, ಬಂದದ್ದನ್ನು ಬಂದ ಹಾಗೇ ಕಳಿಸುತ್ತದೆ. ಆದರೆ ಕಂಪ್ಯೂಟರ್, ತಂತಿ ಇಂಟರ್‌ನೆಟ್, ಒಳ್ಳೆಯ ಮೈಕ್ ಎಲ್ಲ ಬೇಕು. ಅಡುಗೆಮನೆಯ ಕಟ್ಟೆಗೆ ಒರಗಿಸಿಟ್ಟ ಫೋನಿನಲ್ಲಿ ಆಗುವ ಕೆಲಸವಲ್ಲ.

ದೂರದ ದೇಶಗಳ ಮಟ್ಟಿಗೆ ಹೇಳುವುದಾದರೆ ಬೆಳಕೇ ಅಡ್ಡ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ಎಷ್ಟೋ ಕನ್ನಡದ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳ ಹತ್ತಿರ ಕಲಿಯುತ್ತಾರೆ. ಬೇಸಿಗೆಯಲ್ಲಿ ಇಲ್ಲಿ ಬೆಳಗಿನ ಆರೂವರೆ ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಆರು. ಇಬ್ಬರಿಗೂ ಒಗ್ಗುವ ಹೊತ್ತು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಭೂಮಿಯ ಮೇಲಿನ ಅತಿ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ನೇರವಾದ ತಂತಿ ಎಳೆದರೂ ಒಂದು ಬದಿಗೆ 70 ಮಿಲಿಸೆಕೆಂಡ್. 5ಜಿ ಬರಲಿ, 6ಜಿ ಬರಲಿ, ಈ ಲೆಕ್ಕ ಬದಲಾಗದು.

ಹಾಗಾದರೆ 2020ರ ಲಾಕ್‌ಡೌನ್ ಹೊತ್ತಿನಲ್ಲಿ ಬಂದ ಆ ವಿಡಿಯೊಗಳು? ಪುಟ್ಟ ಪುಟ್ಟ ಚೌಕಗಳಲ್ಲಿ ಹತ್ತಾರು ಕಲಾವಿದರು, ಬೇರೆ ಬೇರೆ ಊರಿನಿಂದ, ಒಂದು ಚೂರೂ ತಪ್ಪದೆ ಒಟ್ಟಿಗೆ ಹಾಡಿದ್ದು? "ಜೂಮ್‌ನಲ್ಲಿ ಲೈವ್ ಹಾಡಿದರು" ಎಂಬ ಸಾಲಿನೊಂದಿಗೆ ಅಂಥವು ಇಂದಿಗೂ ಓಡಾಡುತ್ತವೆ. ಅವನ್ನು ಮಾಡುವ ವಿಧಾನವೇ ಬೇರೆ. ಒಂದೇ ತಾಳದ ಧ್ವನಿಮುದ್ರಣವನ್ನು ಪ್ರತಿಯೊಬ್ಬರೂ ಕಿವಿಯಲ್ಲಿ ಕೇಳಿಕೊಳ್ಳುತ್ತ ತಮ್ಮ ತಮ್ಮ ಮನೆಯಲ್ಲಿ ಹಾಡಿ, ರೆಕಾರ್ಡ್ ಮಾಡಿ ಕಳಿಸುತ್ತಾರೆ. ಯಾರೋ ಒಬ್ಬರು ಕುಳಿತು ಎಲ್ಲವನ್ನೂ ಹೊಂದಿಸಿ ಹೊಲಿಯುತ್ತಾರೆ. ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ 2010ರಲ್ಲೇ 12 ದೇಶಗಳ 185 ಗಾಯಕರ ವಿಡಿಯೊಗಳನ್ನು ಹೀಗೆ ಜೋಡಿಸಿ 'ವರ್ಚುವಲ್ ಕ್ವಾಯರ್' ಮಾಡಿದ್ದರು. ಚೆಂದದ ಕೆಲಸ, ಅನುಮಾನವಿಲ್ಲ. ಆದರೆ ಆ ವಿಡಿಯೊ ತೋರಿಸಿ "ಅವರಿಗೆ ಆಗುತ್ತೆ, ನಿನಗೇಕೆ ಆಗಲ್ಲ" ಎಂದು ಮಗುವನ್ನು ಕೇಳುವುದು ನ್ಯಾಯವಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕರೆಯನ್ನು ನಿಲ್ಲಿಸಿ. ಒಂದು ಫೋನಿನಲ್ಲಿ ತಾಳದ ಆ್ಯಪ್ ಹಾಕಿ, ಅಕ್ಷರಕ್ಕೊಂದು ಸೆಕೆಂಡಿನಂತೆ. ಮಗು ಅದಕ್ಕೆ ಹಾಡಲಿ. ಇನ್ನೊಂದು ಫೋನಿನಲ್ಲಿ ಹಾಡನ್ನೂ ತಾಳವನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ಗುರುಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ರೆಕಾರ್ಡಿಂಗ್ ಎಷ್ಟು ತಡವಾಗಿ ತಲುಪಿದರೂ ತಾಳ ಮತ್ತು ಹಾಡು ಎರಡೂ ಅಷ್ಟೇ ತಡವಾಗಿ ತಲುಪುತ್ತವೆ. ಅವುಗಳ ನಡುವಿನ ಹೊಂದಿಕೆ ಕೆಡುವುದಿಲ್ಲ. ಇದರಲ್ಲೂ ತಾಳ ತಪ್ಪಿದ್ದರೆ ಅಭ್ಯಾಸ ಬೇಕು, ಅಷ್ಟೇ. ಇದರಲ್ಲಿ ಸರಿಯಿದ್ದು ಕರೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ದೋಷ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಪಾಠದ ಪರಿಹಾರವೂ ಇದರಲ್ಲೇ ಇದೆ. ತಾಳ ಯಾವಾಗಲೂ ಹಾಡುವವರ ಕಡೆಯೇ ಇರಬೇಕು. ಮಗು ಹಾಡುವಾಗ ಮಗುವೇ ತಾಳ ಹಾಕಿಕೊಳ್ಳಲಿ, ಗುರುಗಳು ಸುಮ್ಮನೆ ಕೇಳಲಿ. ಗುರುಗಳು ಒಂದು ಸಾಲು ಹೇಳಿಕೊಡುವುದು, ಶಿಷ್ಯ ಅದನ್ನು ತಿರುಗಿ ಹೇಳುವುದು ನಮ್ಮಲ್ಲಿ ಹಳೆಯ ಕ್ರಮವೇ ತಾನೇ? ಆ ಕ್ರಮಕ್ಕೆ ಅರ್ಧ ಸೆಕೆಂಡಿನ ತಡದಿಂದ ನಷ್ಟವಿಲ್ಲ. ಒಟ್ಟಿಗೆ ಹಾಡುವುದೊಂದನ್ನು ಕೈಬಿಡಬೇಕು. ಅದು ಸಣ್ಣ ನಷ್ಟವೇನಲ್ಲ. ಗುರುವಿನ ದನಿಯ ಆಸರೆಯಲ್ಲಿ ಹಾಡುತ್ತ ಹಾಡುತ್ತ ಗಮಕ ಗಂಟಲಿಗೆ ಇಳಿಯುವುದುಂಟು. ಅದಕ್ಕೆ ಬದಲಿಯಾಗಿ ಗುರುಗಳು ಪಾಠದ ಸಾಲುಗಳನ್ನು ಹಾಡಿ ರೆಕಾರ್ಡ್ ಮಾಡಿ ಕಳಿಸಿದರೆ ಮಗು ದಿನವೂ ಅದರ ಜೊತೆಗೆ ಹಾಡಬಹುದು.

ಶ್ರುತಿಯ ಕಥೆ ಬೇರೆ

ತಡದಿಂದ ತಾಳ ಕೆಡುತ್ತದೆ, ಶ್ರುತಿ ಕೆಡುವುದಿಲ್ಲ. ಅರ್ಧ ಸೆಕೆಂಡ್ ತಡವಾಗಿ ಬಂದ ಪಂಚಮವೂ ಪಂಚಮವೇ. ಗುರುಗಳು ತಮ್ಮ ಮನೆಯಲ್ಲಿ, ಶಿಷ್ಯರು ತಮ್ಮ ಮನೆಯಲ್ಲಿ, ಇಬ್ಬರೂ ಒಂದೇ ಶ್ರುತಿಗೆ ತಂಬೂರಿ ಆ್ಯಪ್ ಹಾಕಿಕೊಂಡರೆ ಸ್ವರ ಸೇರುತ್ತಿದೆಯೇ ಇಲ್ಲವೇ ಎಂದು ಚೆನ್ನಾಗಿಯೇ ಗೊತ್ತಾಗುತ್ತದೆ. ಈ ಸರಳ ಉಪಾಯ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಒಂದೇ ಕಡೆ ತಂಬೂರಿ ಹಾಕಿ, ಆಚೆಯವರಿಗೂ ಅದೇ ಕೇಳುತ್ತಿದೆ ಎಂದುಕೊಂಡಿರುತ್ತಾರೆ.

ಆಚೆಯವರಿಗೆ ಅದು ಕೇಳುತ್ತಲೇ ಇರುವುದಿಲ್ಲ. ವಿಡಿಯೊ ಕರೆಯ ಆ್ಯಪ್‌ಗಳನ್ನು ಮಾಡಿರುವುದು ಮಾತಿಗಾಗಿ. ಫ್ಯಾನಿನ ಗುಂಯ್‌ಗುಟ್ಟುವಿಕೆ, ಫ್ರಿಜ್ಜಿನ ಸದ್ದು, ರಸ್ತೆಯ ಗದ್ದಲ ಇವನ್ನು ಗುರುತಿಸಿ ಅಳಿಸಿಹಾಕುವ ವ್ಯವಸ್ಥೆ ಅವುಗಳಲ್ಲಿದೆ. ಒಂದೇ ಸಮನೆ ಬರುವ ಸದ್ದು ಅದರ ಲೆಕ್ಕದಲ್ಲಿ ಗದ್ದಲ. ತಂಬೂರಿಯ ನಾದವೂ ಒಂದೇ ಸಮನೆ ಬರುವಂಥದ್ದೇ! ಹಾಗಾಗಿ ಆ್ಯಪ್ ತಂಬೂರಿಯನ್ನೂ ಫ್ಯಾನಿನ ಜೊತೆಗೆ ಸೇರಿಸಿ ಒರೆಸಿಬಿಡುತ್ತದೆ. ಕೆಲವೊಮ್ಮೆ ಉದ್ದಕ್ಕೆ ಹಿಡಿದ 'ಆ'ಕಾರವೂ ಮಧ್ಯದಲ್ಲಿ ಮಸುಕಾಗುತ್ತದೆ. ಮಗು ಉಸಿರು ಬಿಟ್ಟಿರುವುದಿಲ್ಲ, ಗುರುಗಳಿಗೆ ಮಾತ್ರ "ಯಾಕೆ ಮಧ್ಯದಲ್ಲಿ ನಿಲ್ಲಿಸಿದೆ?" ಅನ್ನಿಸುತ್ತದೆ.

ಇದಕ್ಕೆ ಪರಿಹಾರ ಸೆಟ್ಟಿಂಗ್ಸ್‌ನಲ್ಲಿದೆ, ಹಣ ಕೊಡಬೇಕಿಲ್ಲ. ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್' ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಈ ಸೋಸುವಿಕೆ ನಿಲ್ಲುತ್ತದೆ. ಐಫೋನ್‌ನಲ್ಲಿ ಕರೆಯ ನಡುವೆ ಮೈಕ್ ಮೋಡ್ ತೆರೆದು 'ವಾಯ್ಸ್ ಐಸೊಲೇಶನ್' ಇದ್ದರೆ ಬಿಡಿಸಿ, 'ವೈಡ್ ಸ್ಪೆಕ್ಟ್ರಮ್' ಇದ್ದರೆ ಅದನ್ನು ಆರಿಸಿ. ಬೇರೆ ಆ್ಯಪ್‌ಗಳಲ್ಲೂ ಆಡಿಯೊ ಸೆಟ್ಟಿಂಗ್‌ನಲ್ಲಿ 'ನಾಯ್ಸ್ ಕ್ಯಾನ್ಸಲೇಶನ್' ಎಂದು ಕಂಡರೆ ಪಾಠದ ಹೊತ್ತಿಗೆ ಆಫ್ ಮಾಡಿ. ಇದನ್ನು ಎರಡೂ ಕಡೆ ಮಾಡಬೇಕು. ಹೀಗೆ ಮಾಡಿದಾಗ ಪ್ರತಿಧ್ವನಿ ಬರಬಹುದು, ಅದಕ್ಕೆ ತಂತಿಯ ಇಯರ್‌ಫೋನ್ ಬಳಸಿ. ಬ್ಲೂಟೂತ್ ಬೇಡ. ತಡ ಹೆಚ್ಚುವುದು ಒಂದು ಕಾರಣ. ಇನ್ನೊಂದು, ಬ್ಲೂಟೂತ್ ಇಯರ್‌ಫೋನಿನ ಮೈಕ್ ಕೆಲಸ ಶುರು ಮಾಡಿದ ಕೂಡಲೇ ಅನೇಕ ಸಾಧನಗಳಲ್ಲಿ ದನಿಯ ಗುಣಮಟ್ಟ ಹಳೆಯ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

"ಇನ್ನೂ ಜೋರಾಗಿ ಹಾಡು" ಎಂಬ ಅಪಾಯ

ನಮಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಹುಟ್ಟಿಸುವುದು ಇದು. ದನಿ ಮಸುಕಾಗಿ ಕೇಳಿದಾಗ ಗುರುಗಳು ಸಹಜವಾಗಿ "ಜೋರಾಗಿ ಹಾಡು, ಕೇಳಿಸ್ತಿಲ್ಲ" ಎನ್ನುತ್ತಾರೆ. ಮಗು ಕೂಗುತ್ತದೆ. ಆದರೆ ಆ್ಯಪ್ ದನಿಯ ಏರಿಳಿತವನ್ನು ತಾನೇ ಸಮ ಮಾಡುತ್ತಿರುತ್ತದೆ. ಮೆಲ್ಲಗಿದ್ದರೆ ಹಿಗ್ಗಿಸುತ್ತದೆ, ಜೋರಿದ್ದರೆ ತಗ್ಗಿಸುತ್ತದೆ. ಹೀಗಾಗಿ ಮಗು ಎಷ್ಟು ಕೂಗಿದರೂ ಗುರುಗಳಿಗೆ ದೊಡ್ಡ ವ್ಯತ್ಯಾಸ ತಿಳಿಯುವುದಿಲ್ಲ. ಗಂಟಲಿಗೆ ಮಾತ್ರ ತಿಳಿಯುತ್ತದೆ.

ಇಯರ್‌ಫೋನು ಎರಡೂ ಕಿವಿ ಮುಚ್ಚಿದ್ದರೆ ಮಗುವಿಗೆ ತನ್ನ ದನಿ ಸರಿಯಾಗಿ ಕೇಳುವುದಿಲ್ಲ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದರು, ಅದಕ್ಕೆ ಅವರದೇ ಹೆಸರಿದೆ. ತನ್ನ ದನಿ ತನಗೆ ಕೇಳದಿದ್ದಾಗಲೂ ಹಾಗೆಯೇ ಆಗುತ್ತದೆ. ಆದ್ದರಿಂದ ಹಾಡುವಾಗ ಒಂದು ಕಿವಿ ತೆರೆದಿರಲಿ. ಫೋನನ್ನು ಬಾಯಿಯ ಹತ್ತಿರ ಹಿಡಿಯದೆ ಮೂರು ನಾಲ್ಕು ಅಡಿ ದೂರದಲ್ಲಿ, ತೊಡೆಯಿಂದ ತಲೆಯವರೆಗೆ ಕಾಣುವಂತೆ ಇಡಿ. ಭುಜ ಏರುತ್ತಿದೆಯೇ, ಕತ್ತಿನ ನರ ಬಿಗಿಯುತ್ತಿದೆಯೇ, ಗದ್ದ ಮುಂದೆ ಚಾಚುತ್ತಿದೆಯೇ ಎಂದು ಗುರುಗಳು ನೋಡಬೇಕಲ್ಲ. ಬರೀ ಮುಖ ಕಂಡರೆ ಅದೊಂದೂ ಕಾಣದು.

ನಮ್ಮ ದನಿ ಹುಟ್ಟುವುದು ಗಂಟಲಿನ ಎರಡು ಪುಟ್ಟ ಮಡಿಕೆಗಳ ಕಂಪನದಿಂದ. ಮಾತನಾಡುವಾಗಲೇ ಅವು ಸೆಕೆಂಡಿಗೆ ಗಂಡಸರಲ್ಲಿ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಒಂದಕ್ಕೊಂದು ಬಡಿಯುತ್ತವೆ. ತಿಂಗಳುಗಟ್ಟಲೆ ಕೂಗಿ ಹಾಡಿದರೆ ಅಲ್ಲಿ ಊತ, ಗಂಟು ಬರಬಹುದು. ಪಾಠ ಮುಗಿದ ಮೇಲೆ ಗಂಟಲು ಉರಿಯುತ್ತಿದ್ದರೆ, ಮರುದಿನವೂ ದನಿ ಒಡೆದಿದ್ದರೆ ಹಾಡುವ ರೀತಿ ತಪ್ಪಿದೆ ಎಂದರ್ಥ. ಮೂರು ವಾರ ಕಳೆದರೂ ದನಿ ಬಿದ್ದೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಇಲ್ಲಿ ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧುವಿನ ಫಾರ್ವರ್ಡ್‌ಗಳ ಬಗ್ಗೆಯೂ ಒಂದು ಮಾತು. ನುಂಗಿದ ಯಾವುದೂ ಆ ಮಡಿಕೆಗಳನ್ನು ಮುಟ್ಟುವುದಿಲ್ಲ. ನುಂಗುವಾಗ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುತ್ತದೆ, ಆಹಾರ ಅನ್ನನಾಳಕ್ಕೆ ಹೋಗುತ್ತದೆ. ಬಾಯಿ, ಗಂಟಲಿಗೆ ಹಿತವೆನಿಸಬಹುದು, ಗಂಟು ಕರಗುವುದಿಲ್ಲ. ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಬಿಪಿ ಇರುವ ಹಿರಿಯರು ಈ ಪುಡಿಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಆ್ಯಪ್ ಗುರುವಾಗಬಹುದೇ?

ಹಾಡಿದ ಸ್ವರ ಸರಿಯಾದರೆ ಹಸಿರು, ತಪ್ಪಿದರೆ ಕೆಂಪು ತೋರಿಸುವ ಆ್ಯಪ್‌ಗಳಿವೆ. ಸ್ವರಸ್ಥಾನ ಗಟ್ಟಿ ಮಾಡಿಕೊಳ್ಳಲು ಆರಂಭದಲ್ಲಿ ನೆರವಾಗುತ್ತವೆ, ಬೇಡ ಎನ್ನಲಾರೆವು. ಆದರೆ ಅನೇಕ ಆ್ಯಪ್‌ಗಳು ಅಳೆಯುವುದು ಕೀಬೋರ್ಡಿನ 12 ಸಮ ಭಾಗಗಳ ಪಟ್ಟಿಯಿಂದ. ತಂಬೂರಿಗೆ ಚೆನ್ನಾಗಿ ಸೇರಿದ ಅಂತರ ಗಾಂಧಾರ ಕೀಬೋರ್ಡಿನದಕ್ಕಿಂತ ಒಂದು ಕೂದಲು ಕೆಳಗಿರುತ್ತದೆ. ಹೀಗಾಗಿ ಮಾಯಾಮಾಳವಗೌಳದ ಸರಳೆ ವರಸೆಯಲ್ಲೇ, ಸರಿಯಾಗಿ ಹಾಡಿದ ಮಗುವಿಗೆ ಕಟ್ಟುನಿಟ್ಟಿನ ಆ್ಯಪ್ ಕೆಂಪು ತೋರಿಸಬಹುದು. ಮುಂದೆ ತೋಡಿಯ ಗಾಂಧಾರಕ್ಕೆ ಬಂದರಂತೂ ಕೇಳುವುದೇ ಬೇಡ. ಒಂದೆಡೆ ನಿಲ್ಲದೆ ತೂಗುವುದೇ ಅದರ ಸೊಗಸು, ಆ್ಯಪಿಗೆ ಅದು ಬರೀ ತಪ್ಪುಗಳ ಸರಮಾಲೆ.

ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊಗಳ ಕೋರ್ಸು ಮತ್ತು ಒಬ್ಬರಿಗೆ ಒಬ್ಬರು ಹೇಳಿಕೊಡುವ ಪಾಠ, ಎರಡನ್ನೂ 'ಆನ್‌ಲೈನ್ ಕ್ಲಾಸ್' ಎಂದೇ ಮಾರುತ್ತಾರೆ. ಮೊದಲನೆಯದು ಪುಸ್ತಕದಂತೆ, ನೀವು ಹಾಡಿದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ. ದುಡ್ಡು ಕೊಡುವ ಮುನ್ನ ಯಾವುದು ಎಂದು ಕೇಳಿ. ಆ್ಯಪ್ ಕೊಡುವ ಸರ್ಟಿಫಿಕೇಟ್ ಬೇರೆ, ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬೇರೆ. ಒಂದು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿ, ಇಎಂಐ ಮಾಡಿಸಿ ಎಂದು ಒತ್ತಾಯಿಸುವವರಿಂದ ದೂರವಿರಿ, ತಿಂಗಳು ತಿಂಗಳು ಕಟ್ಟುವುದು ಮೇಲು. ಹಣ ಕಟ್ಟಿದ ಮೇಲೆ ಹೇಳಿದ ಪಾಠ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಹತ್ತಿರದಲ್ಲೇ ಒಳ್ಳೆಯ ಗುರುಗಳಿದ್ದರೆ, ಪುಟ್ಟ ಮಕ್ಕಳ ಮೊದಲ ಕೆಲವು ತಿಂಗಳ ಪಾಠ ಎದುರು ಕೂತೇ ಆಗಲಿ ಎಂಬುದು ನಮ್ಮ ಅಭಿಪ್ರಾಯ. ಕೈಹಿಡಿದು ತಾಳ ಹಾಕಿಸುವ ಕೆಲಸ ಪರದೆಯಿಂದ ಆಗದು. ಆದರೆ ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ. ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು. ಅಷ್ಟು ಓಡಾಡಲಾಗದ ಗೃಹಿಣಿಗೆ, ನಿವೃತ್ತರಾದ ಮೇಲೆ ಕಲಿಯಬೇಕೆಂದಿರುವವರಿಗೆ, ಗುರುಗಳೇ ಇಲ್ಲದ ಊರಿನ ಹುಡುಗನಿಗೆ ಫೋನಿನ ಪಾಠ ದೊಡ್ಡ ಬಾಗಿಲು. ನಡುನಡುವೆ ರಜೆಯಲ್ಲಿ ನಾಲ್ಕು ದಿನ ಗುರುಗಳ ಮನೆಗೆ ಹೋಗಿಬಂದರೆ ಇನ್ನೂ ಚೆನ್ನ.

ಪ್ರಯೋಗಕ್ಕೆಂದು ಕೊಡುವ ಮೊದಲ ಉಚಿತ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: "ನಮ್ಮ ಕಡೆ ತಂಬೂರಿ ಹಾಕಿದ್ದೀವಿ ಮೇಡಂ, ನಿಮಗೆ ಕೇಳಿಸ್ತಿದೆಯಾ?" ಇಲ್ಲ ಎಂದ ಕೂಡಲೇ ಸೆಟ್ಟಿಂಗ್ಸ್ ತೆರೆಯಿಸಿ, ಇದನ್ನು ಆನ್ ಮಾಡಿ, ಅದನ್ನು ಆಫ್ ಮಾಡಿ ಎಂದು ಹೇಳುವವರಾದರೆ, ಅವರು ಈ ದಾರಿಯಲ್ಲಿ ಆಗಲೇ ಸಾಕಷ್ಟು ಮಕ್ಕಳಿಗೆ ಪಾಠ ಮಾಡಿದವರಿರಬೇಕು.